ಮನೆತನದ ಸ್ಥಿತಿಯೂ ಮನುಷ್ಯನ ಕ್ಷೇಮವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಂಗಲಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟಿತು. ಶ್ರೀಮಠದ ಇತಿಹಾಸವನ್ನು ಬಲ್ಲ ವಿದ್ವಾಂಸರೂ ತತ್ತ್ವವನ್ನು ವಿವರಿಸಬಲ್ಲ ಶಾಸ್ತ್ರಿಗಳೂ ಈ ವೇದಿಕೆಯ ಮೇಲಿರುವರು. ಆ ಕಾರ್ಯವನ್ನು ಅವರಿಗೇ ಬಿಟ್ಟು, ಶ್ರೀಮಠದ ಪ್ರಸಾದನಿಲಯದ ಬಾಗಿಲಿಗೆ ವರ್ಷವರ್ಷವೂ ಬಂದು ನಿಲ್ಲುವ ಮಕ್ಕಳು ತಮ್ಮ ಸಂಗಡ ಏನನ್ನು ಹೊತ್ತು ತರುವರೆಂಬದನ್ನು ವಿಚಾರಿಸಬೇಕೆಂದು ನಿಶ್ಚಯಿಸಿದೆನು. ಅವರ ಕೈಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಇಷ್ಟೇ ನಮ್ಮ ಕಣ್ಣಿಗೆ ಕಾಣುವದು. ಕಾಣದಿರುವ ಗಂಟು ಬಹು ದೊಡ್ಡದು. ತಂದೆಯ ಸಾಲ, ತಾಯಿಯ ಆರೋಗ್ಯ, ಮನೆಯೊಳಗಿನ ಮಾತುಕತೆ, ಹೊಲದ ಮಣ್ಣಿನ ಗುಣ, ಊರಿನ ಶಾಲೆಯ ಸ್ಥಿತಿ, ಇವೆಲ್ಲವುಗಳನ್ನು ಆ ಮಗುವು ತನ್ನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಹೊತ್ತುಕೊಂಡೇ ಬರುವದು.

ಮನುಷ್ಯನ ಸುಖದುಃಖಗಳ ಕಾರಣವನ್ನು ಕುರಿತು ನಮ್ಮ ಜನರಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ನಡೆದು ಬಂದಿವೆ. ಎಲ್ಲವೂ ಹಣೆಬರಹವೆಂದು ಹೇಳುವವರು ಒಂದು ಪಂಗಡದವರು. ಮೈಮುರಿದು ದುಡಿದವನಿಗೆ ಬಡತನವೆಲ್ಲಿಯದೆಂದು ಕೇಳುವವರು ಇನ್ನೊಂದು ಪಂಗಡದವರು. ಮೇಲ್ನೋಟಕ್ಕೆ ಈ ಎರಡೂ ಒಂದಕ್ಕೊಂದು ವಿರುದ್ಧವಾಗಿ ತೋರುವವು. ಆದರೆ ಪರಿಣಾಮದಲ್ಲಿ ಎರಡೂ ಒಂದೇ. ಕಷ್ಟದಲ್ಲಿರುವವನು ವಿಧಿಯಿಂದ ಕೆಟ್ಟನೆಂದಾಗಲಿ ತನ್ನ ಆಲಸ್ಯದಿಂದ ಕೆಟ್ಟನೆಂದಾಗಲಿ ತೀರ್ಮಾನವಾದ ಮೇಲೆ, ನೋಡುವವನಿಗೆ ಮಾಡತಕ್ಕದ್ದೇನೂ ಉಳಿಯುವದಿಲ್ಲ. ಎರಡು ಮತಗಳೂ ನೆರೆಯವನನ್ನು ಕರ್ತವ್ಯದಿಂದ ಬಿಡುಗಡೆ ಮಾಡುವವು. ಆದುದರಿಂದ ಇವು ಎಷ್ಟರಮಟ್ಟಿಗೆ ಸತ್ಯವೆಂಬದನ್ನು ಪರೀಕ್ಷಿಸುವದು ಕೇವಲ ಪಾಂಡಿತ್ಯದ ವಿನೋದವಲ್ಲ. ಅದು ಧರ್ಮದ ಪ್ರಶ್ನೆಯೇ ಆಗಿರುವದು.

ಕ್ಷೇಮವೆಂದರೆ ಕೇವಲ ಹಣವಲ್ಲವೆಂಬದನ್ನು ಮೊದಲೇ ಹೇಳಬೇಕು. ನೀರೋಗವಾದ ದೇಹ, ನಿಶ್ಚಿಂತವಾದ ಮನಸ್ಸು, ಲೋಕವನ್ನು ತಿಳಿಯುವಷ್ಟು ವಿದ್ಯೆ, ಕಷ್ಟಬಂದಾಗ ಕೈಹಿಡಿಯುವ ಜನ, ಈ ನಾಲ್ಕೂ ಕೂಡಿದಲ್ಲಿ ಕ್ಷೇಮವಿರುವದು. ಒಂದೇ ಊರಿನಲ್ಲಿ, ಒಂದೇ ದಿವಸ ಹುಟ್ಟಿದ ಎರಡು ಕೂಸುಗಳನ್ನು ಕಲ್ಪಿಸಿಕೊಳ್ಳಿರಿ. ಒಂದು ಕೂಸಿನ ಮನೆಗೆ ನೀರಾವರಿಯ ಹೊಲವಿದೆ, ಓದುಬರಹ ಬಲ್ಲ ತಾಯಿಯಿದ್ದಾಳೆ. ಇನ್ನೊಂದು ಕೂಸಿನ ತಾಯಿ ದಿನ ತುಂಬುವವರೆಗೂ ಕೂಲಿಗೆ ಹೋದವಳು. ಮಳೆ ತಪ್ಪಿದ ವರ್ಷ ಆ ಕುಟುಂಬವು ಗುಳೆ ಹೋಗುವದು. ಹುಟ್ಟಿದ ದಿವಸ ಈ ಎರಡು ಕೂಸುಗಳೂ ಸಮಾನವೆಂದು ನಾವು ಹೇಳುತ್ತೇವೆ. ಆತ್ಮದ ದೃಷ್ಟಿಯಿಂದ ಆ ಮಾತು ನಿಜ. ದೇಹದ ದೃಷ್ಟಿಯಿಂದ ಅದು ನಿಜವೇ?

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತರವು ದೊರೆತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕವನ್ನೂ ಉದ್ದವನ್ನೂ ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿ, ಅದೇ ನಗರದ ಸುತ್ತುಮುತ್ತಲಲ್ಲಿ ವಾಸವಾಗಿದ್ದ ೫೧೭ ಜನರನ್ನು ವೈದ್ಯರು ಹುಡುಕಿ ಪರೀಕ್ಷಿಸಿದರು. ಆ ಪರೀಕ್ಷೆಯ ಫಲವು ೧೯೯೬ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಜನರಿಗೆ ಹೃದಯದ ರಕ್ತನಾಳಗಳ ರೋಗವಿತ್ತು, ೩.೧ ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರವಿತ್ತು. ನಾಲ್ವತ್ತೈದು ದಾಟಿದವರಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿತ್ತು. ಹುಟ್ಟಿನ ತೂಕವೂ ಕಡಿಮೆಯಾಗಿದ್ದು, ಬಸಿರಿನಲ್ಲಿ ತಾಯಿಯ ತೂಕವೂ ೪೫ ಕಿಲೋಗ್ರಾಂಗಿಂತ ಕಡಿಮೆಯಾಗಿದ್ದವರಲ್ಲಿ ನೂರಕ್ಕೆ ೨೦ ಜನರು ರೋಗಿಗಳಾಗಿದ್ದರು. ಮಹನೀಯರೇ, ಈ ಅಂಕೆಗಳ ಅರ್ಥವನ್ನು ನಿಧಾನವಾಗಿ ಆಲೋಚಿಸಿರಿ. ಐವತ್ತನೆಯ ವಯಸ್ಸಿನಲ್ಲಿ ಎದೆನೋವೆಂದು ದವಾಖಾನೆಗೆ ಬರುವವನ ರೋಗದ ಒಂದು ಬೇರು, ಅವನು ಹುಟ್ಟುವದಕ್ಕಿಂತ ಮೊದಲೇ ಅವನ ತಾಯಿಯ ಊಟದ ತಟ್ಟೆಯಲ್ಲಿತ್ತು!

ಅದು ಹಳೆಯ ಕಾಲದ ಮಾತಾಯಿತೆಂದು ಯಾರೂ ಸಮಾಧಾನಪಡಬಾರದು. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಹದಿನೈದರಿಂದ ನಾಲ್ವತ್ತೊಂಬತ್ತು ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೪೭.೮ ಜನರಿಗೆ ರಕ್ತಹೀನತೆಯಿತ್ತು. ಅದೇ ಸಮೀಕ್ಷೆಯು ಭಾರತವೆಲ್ಲದರ ಮನೆಗಳನ್ನು ಐಶ್ವರ್ಯಕ್ಕೆ ಅನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿತು. ಅತ್ಯಂತ ಬಡವರ ವರ್ಗದಲ್ಲಿ ನೂರಕ್ಕೆ ೪೬ ಮಕ್ಕಳೂ ಅತ್ಯಂತ ಅನುಕೂಲಸ್ಥರ ವರ್ಗದಲ್ಲಿ ನೂರಕ್ಕೆ ೨೩ ಮಕ್ಕಳೂ ಕುಂಠಿತರಾಗಿದ್ದರು. ಬಡತನವು ಈ ಕೇಡನ್ನು ಇಮ್ಮಡಿಗೊಳಿಸುವದೆಂಬದು ಇದರಿಂದ ಸಿದ್ಧವಾಗುವದು. ಸಿರಿವಂತರ ಮನೆಯಲ್ಲಿಯೂ ಅದು ಪೂರ್ತಿ ಅಳಿಯಲಿಲ್ಲವೆಂಬದರಿಂದ, ಹಣವೊಂದೇ ಕಾರಣವಲ್ಲವೆಂಬದೂ ಸಿದ್ಧವಾಗುವದು. ಶಾಲೆಯ ಮುಖವನ್ನೇ ಕಾಣದ ತಾಯಂದಿರ ಮಕ್ಕಳಲ್ಲಿ ಕುಂಠಿತರಾದವರು ನೂರಕ್ಕೆ ೪೬. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಲಿತ ತಾಯಂದಿರ ಮಕ್ಕಳಲ್ಲಿ ೨೬. ಹೆಣ್ಣುಮಗಳ ಕೈಯೊಳಗಿನ ಪುಸ್ತಕಕ್ಕೂ ಅವಳ ಕೂಸಿನ ಮೈಗೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಗೆಯಿಲ್ಲ.

ಹೊಟ್ಟೆಗಿಲ್ಲದವರ ಮಾತು ಮಾತ್ರ ಇದೆಂದೂ ತಿಳಿಯಬಾರದು. ಲಂಡನ್ನಿನ ಸರಕಾರೀ ಕಚೇರಿಗಳ ಸುಮಾರು ಹದಿನೆಂಟು ಸಾವಿರ ಗಂಡಸು ನೌಕರರನ್ನು ೧೯೬೭ರಿಂದ ಪರೀಕ್ಷಿಸುತ್ತ ಬಂದರು. ಅವರಲ್ಲಿ ಉಪವಾಸವಿದ್ದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ತಿಂಗಳ ಸಂಬಳವಿತ್ತು. ಆದರೂ ಅತ್ಯಂತ ಕೆಳಗಿನ ದರ್ಜೆಯವರ ಮರಣಪ್ರಮಾಣವು ಅತ್ಯಂತ ಮೇಲಿನ ದರ್ಜೆಯ ಅಧಿಕಾರಿಗಳ ಮರಣಪ್ರಮಾಣದ ಸುಮಾರು ಮೂರು ಪಟ್ಟಾಗಿತ್ತು. ಮೆಟ್ಟಲು ಮೆಟ್ಟಲಿಗೂ ಭೇದವು ಕಂಡುಬಂದಿತು. ಆಜ್ಞೆಮಾಡುವವನ ಸ್ಥಿತಿಯೂ ಆಜ್ಞೆಗೆ ಒಳಗಾದವನ ಸ್ಥಿತಿಯೂ ಅವರವರ ಆಯುಸ್ಸಿನ ಮೇಲೆಯೇ ತಮ್ಮ ಗುರುತನ್ನು ಬರೆಯುವವೆಂದಾಯಿತು.

ಇನ್ನು ಮನಸ್ಸಿನ ವಿಚಾರಕ್ಕೆ ಬರೋಣ. ಬಡವನು ಮುಂದಾಲೋಚನೆಯಿಲ್ಲದವನು, ಅವಿವೇಕಿ, ಅದಕ್ಕಾಗಿಯೇ ಸಾಲಗಾರನಾಗುವನೆಂಬ ನಿಂದೆಯು ನಮ್ಮ ಕಟ್ಟೆಗಳ ಮೇಲೆ ದಿನಾಲು ಕೇಳಿಬರುವದು. ತಮಿಳುನಾಡಿನ ಕಬ್ಬು ಬೆಳೆಯುವ ೪೬೪ ರೈತರನ್ನು ವಿದ್ವಾಂಸರು ಸುಗ್ಗಿಗಿಂತ ಮೊದಲೊಮ್ಮೆ, ಸುಗ್ಗಿಯ ನಂತರ ಇನ್ನೊಮ್ಮೆ ಪರೀಕ್ಷಿಸಿ, ಅದರ ಫಲವನ್ನು ೨೦೧೩ರಲ್ಲಿ ಪ್ರಕಟಿಸಿದರು. ಕಬ್ಬಿನ ಹಣ ಕೈಸೇರುವದು ವರ್ಷಕ್ಕೊಮ್ಮೆ. ಅದಕ್ಕಿಂತ ಮೊದಲಿನ ತಿಂಗಳುಗಳಲ್ಲಿ ಒತ್ತೆ, ಕೈಗಡ, ಬಡ್ಡಿ ಇವುಗಳದೇ ಚಿಂತೆ. ನಮ್ಮ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಒಕ್ಕಲುತನದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸುಗ್ಗಿಗಿಂತ ಮೊದಲು ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮನುಷ್ಯನೇ, ಸುಗ್ಗಿಯಾದ ಮೇಲೆ ಅಂಥದೇ ಪರೀಕ್ಷೆಯಲ್ಲಿ ಮುಂದೆ ಬಂದನು. ಮನುಷ್ಯನು ಬೇರೆಯಾಗಿರಲಿಲ್ಲ, ಅವನ ತಲೆಯ ಮೇಲಿನ ಹೊರೆ ಮಾತ್ರ ಬೇರೆಯಾಗಿತ್ತು. ಹೀಗಿರಲು, ನಾವು ಅವಿವೇಕವೆಂದು ಕರೆಯುವದರಲ್ಲಿ ಎಷ್ಟು ಭಾಗವು ಬಡತನದ ಕಾರಣ, ಎಷ್ಟು ಭಾಗವು ಅದರ ಕಾರ್ಯ ಎಂಬದನ್ನು ತಿರುಗಿ ಲೆಕ್ಕಿಸಬೇಕಾಗಿದೆ.

ಬಡತನವು ನಿಂತ ನೀರಲ್ಲ. ಅದು ತಿರುಗುವ ರಾಟಿ. ಇಂಗ್ಲಂಡದ ಯಾರ್ಕ್ ನಗರದ ಕೂಲಿಕಾರರ ಮನೆಮನೆಯನ್ನೂ ೧೮೯೯ರಲ್ಲಿ ವಿಚಾರಿಸಿದ ರೌಂಟ್ರಿ ಎಂಬ ಮಹನೀಯನು, ೧೯೦೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಚೆನ್ನಾಗಿ ತೋರಿಸಿದನು. ಕೂಲಿಕಾರನು ಬಾಲ್ಯದಲ್ಲಿ ಕೊರತೆಯನ್ನು ಉಣ್ಣುವನು. ದುಡಿಯುವ ಪ್ರಾಯದಲ್ಲಿ ಕೆಲವು ವರ್ಷ ತಲೆಯೆತ್ತುವನು. ತನಗೆ ಮಕ್ಕಳಾದಾಗ ಮತ್ತೆ ಮುಳುಗುವನು. ಮಕ್ಕಳು ಗಳಿಸಹತ್ತಿದಾಗ ಮತ್ತೊಮ್ಮೆ ಉಸಿರಾಡುವನು. ಮುಪ್ಪಿನಲ್ಲಿ ಕೊನೆಯದಾಗಿ ಮುಳುಗುವನು. ಹೆಂಗಸು ಮಕ್ಕಳನ್ನು ಹಡೆಯುವ ಕಾಲವೂ ಮನೆಯು ಮುಳುಗಿರುವ ಕಾಲವೂ ಒಂದೇ ಆಗಿರುವದೆಂಬದೇ ಈ ಚಕ್ರದ ಅತ್ಯಂತ ಕ್ರೂರವಾದ ಅಂಶ. ಮನೆಗಳು ಏಕೆ ಬಡತನಕ್ಕೆ ಇಳಿಯುವವೆಂಬದನ್ನು ರಾಜಸ್ಥಾನ, ಗುಜರಾತ, ಆಂಧ್ರಪ್ರದೇಶಗಳಲ್ಲಿಯೂ ಹೊರದೇಶಗಳಲ್ಲಿಯೂ ವಿಚಾರಿಸಿದ ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು, ೨೦೧೦ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ರೋಗವನ್ನೂ ಔಷಧೋಪಚಾರದ ವೆಚ್ಚವನ್ನೂ ಮುಖ್ಯ ಕಾರಣವೆಂದು ತೋರಿಸಿರುವರು. ಅದರೊಡನೆ ಲಗ್ನದ, ಉತ್ತರಕ್ರಿಯೆಯ ಖರ್ಚುಗಳೂ ಹೆಚ್ಚಿನ ಬಡ್ಡಿಯ ಸಾಲಗಳೂ ಸೇರುವವು. ಒಂದು ಜಡ್ಡು, ಒಂದು ಲಗ್ನ, ಇಷ್ಟೇ ಸಾಕು. ಮೂರು ತಲೆಗಳಿಂದ ಉಳಿದು ಬಂದ ಹೊಲವು ಮೂರು ವರ್ಷಗಳಲ್ಲಿ ಪರರ ಪಾಲಾಗುವದು.

ಮನೆಯ ಹೊರಗಿನ ಕಾರಣಗಳಾದವು. ಒಳಗಿನವುಗಳನ್ನೂ ನಿರ್ದಾಕ್ಷಿಣ್ಯವಾಗಿ ನೋಡಬೇಕು. ಸಂಪಾದನೆಯೇ ಸಾಲದ ಬಡತನವೊಂದು, ಸಂಪಾದನೆಯಿದ್ದೂ ಅನ್ಯಮಾರ್ಗದಲ್ಲಿ ಸೋರಿಹೋಗುವದರಿಂದ ಉಂಟಾಗುವ ಬಡತನವಿನ್ನೊಂದು ಎಂದು ಮೇಲೆ ಹೇಳಿದ ರೌಂಟ್ರಿಯೇ ವಿಂಗಡಿಸಿದ್ದನು. ಕುಡಿತವು ನಮ್ಮ ಎಷ್ಟು ಮನೆಗಳನ್ನು ಎರಡನೆಯ ಬಗೆಯ ಬಡತನಕ್ಕೆ ತಳ್ಳಿದೆಯೆಂಬದನ್ನು ಈ ಸಭೆಯಲ್ಲಿ ಕುಳಿತಿರುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ಹಣವು ಯಾರ ಕೈಯಲ್ಲಿರುವದೆಂಬದೂ ಅಷ್ಟೇ ಮುಖ್ಯವಾದುದು. ದಕ್ಷಿಣ ಆಫ್ರಿಕಾದಲ್ಲಿ ವೃದ್ಧರಿಗೆ ಸರಕಾರದಿಂದ ದೊರೆಯುತ್ತಿದ್ದ ವೇತನವನ್ನು ಕುರಿತು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಆ ಹಣವು ಅಜ್ಜಿಯ ಕೈಸೇರಿದ ಮನೆಗಳಲ್ಲಿ ಮೊಮ್ಮಗಳಂದಿರ ಮೈ ತುಂಬಿದುದು ಕಂಡುಬಂದಿತು. ಅಜ್ಜನ ಕೈಸೇರಿದ ಮನೆಗಳಲ್ಲಿ ಅಂಥ ಫಲವು ಕಾಣಲಿಲ್ಲ. ನಮ್ಮ ಪರಂಪರೆಗೆ ಇದು ಹೊಸ ಮಾತಲ್ಲ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದವಳು ಲಕ್ಕಮ್ಮನೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಕಥೆಯಲ್ಲಿ ಕಾಯಕದ ಶುದ್ಧಿಯನ್ನು ಕಾಣುವ ನಾವು, ಮನೆಯ ಲೆಕ್ಕವನ್ನು ನಿರ್ಣಯಿಸುವ ಅಧಿಕಾರವು ಆ ಮನೆಯಲ್ಲಿ ಹೆಂಡತಿಗಿತ್ತೆಂಬದನ್ನು ಏಕೋ ಗಮನಿಸುವದಿಲ್ಲ!

ಹಣವಿಲ್ಲದೆಡೆಯಲ್ಲಿಯೂ ಮಾಡಬಹುದಾದದ್ದು ಬಹಳವಿದೆ. ಜಮೇಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ೧೯೮೬–೮೭ರಲ್ಲಿ ಬೆಳವಣಿಗೆ ಕುಂಠಿತವಾದ ೧೨೯ ಎಳೆಯ ಮಕ್ಕಳನ್ನು ಆರಿಸಿಕೊಂಡು, ಅವರಲ್ಲಿ ಕೆಲವರ ಮನೆಗಳಿಗೆ ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಆರೋಗ್ಯಸೇವಕಿಯರು ಹೋಗಿ, ಕೂಸಿನೊಡನೆ ಹೇಗೆ ಮಾತಾಡಬೇಕು, ಹೇಗೆ ಆಡಿಸಬೇಕೆಂಬದನ್ನು ತಾಯಂದಿರಿಗೆ ಕಲಿಸಿದರು. ಇಪ್ಪತ್ತು ವರ್ಷಗಳಾದ ಮೇಲೆ ನೋಡಲಾಗಿ, ಹಾಗೆ ಆಡಿಸಿ ಬೆಳೆಸಿದ ಮಕ್ಕಳ ಸಂಪಾದನೆಯು ಉಳಿದವರಿಗಿಂತ ನೂರಕ್ಕೆ ೨೫ರಷ್ಟು ಹೆಚ್ಚಾಗಿತ್ತು. ಆಟಿಕೆಗಳು ಮನೆಯಲ್ಲಿಯೇ ಮಾಡಿದವುಗಳು; ವೆಚ್ಚವೆಂಬದು ಬಹು ಅಲ್ಪ. ಆದರೆ ದಿನವಿಡೀ ಕೂಲಿ ಮಾಡಿ ಬಂದ ತಾಯಿಗೆ ಕೂಸಿನೊಡನೆ ಆಡುವ ತ್ರಾಣವು ಎಲ್ಲಿಂದ ಬರಬೇಕು? ಒಲವಿಗೂ ವಿಶ್ರಾಂತಿ ಬೇಕು. ಒಲವನ್ನೂ ಬಡತನವು ಕಸಿಯಬಲ್ಲುದೆಂಬದನ್ನು ಇಲ್ಲಿ ನಾವು ತಿಳಿಯಬೇಕು.

ಮನೆಗೆ ಇರುವಂತೆ ಸೀಮೆಗೂ ಒಂದು ಸ್ಥಿತಿಯಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಒಪ್ಪಿಸಿದ ವರದಿಯಲ್ಲಿ, ಆಗಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವುಗಳೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವುಗಳೆಂದೂ ನಿರ್ಣಯವಾಯಿತು. ಆ ೩೯ರಲ್ಲಿ ೨೧ ಗುಲಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. ೨೦೧೨ರಲ್ಲಿ ಸಂವಿಧಾನಕ್ಕೆ ಮಾಡಿದ ೯೮ನೆಯ ತಿದ್ದುಪಡಿಯು ಆ ಸೀಮೆಗೆ ವಿಶೇಷ ಸ್ಥಾನವನ್ನು ಕೊಟ್ಟಿತು. ಒಬ್ಬ ಹುಡುಗನ ಪ್ರಯತ್ನದಿಂದ ಊರಿಗೆ ಶಾಲೆಯಾಗಲಿ ದವಾಖಾನೆಯಾಗಲಿ ಬರುವದಿಲ್ಲವೆಂಬದನ್ನು ರಾಜ್ಯವೇ ಒಪ್ಪಿಕೊಂಡಂತಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು: "ಬಡತನದಲ್ಲಿ ಹುಟ್ಟಿ ದೊಡ್ಡವರಾದವರು ನಮ್ಮಲ್ಲಿ ಎಷ್ಟೋ ಜನರಿಲ್ಲವೇ?" ಇದ್ದಾರೆ; ಈ ಸಭೆಯಲ್ಲಿಯೇ ಇದ್ದಾರೆ. ಆದರೆ ಅವರಲ್ಲಿ ಒಬ್ಬೊಬ್ಬರನ್ನೂ ಕೇಳಿ ನೋಡಿರಿ. ಪ್ರತಿಯೊಬ್ಬರ ಕಥೆಯ ನಡುವೆ ಒಂದು ಕೈ ಕಾಣುವದು: ಫೀ ಕೊಟ್ಟ ಗುರುಗಳದು, ಮನೆಯಲ್ಲಿಟ್ಟುಕೊಂಡ ಸೋದರಮಾವನದು, ಅಥವಾ ಅನ್ನವಿಟ್ಟ ಮಠದ್ದು. ೧೯೦೬ರಲ್ಲಿ ದಿವಂಗತರಾದ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿಯನ್ನು ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಏಕಕಾಲದಲ್ಲಿ ಅನ್ನವನ್ನೂ ಆಶ್ರಯವನ್ನೂ ವಿದ್ಯೆಯನ್ನೂ ನೀಡುವ ಸ್ಥಾನವನ್ನು ಬೆಳೆಸಿದರು. ಮೇಲೆ ಬಂದವರ ಪುರುಷಪ್ರಯತ್ನವನ್ನು ನಾನು ಅಲ್ಲಗಳೆಯುವದಿಲ್ಲ. ಬೀಜದಲ್ಲಿ ಸತ್ವವಿದ್ದೇ ಇರುವದು; ಆದರೆ ಹದವಾದ ನೆಲವನ್ನು ಯಾರೋ ಮಾಡಿಕೊಟ್ಟಿದ್ದರು. ಹಣೆಬರಹವೆಂಬವರಿಗೂ ಆಲಸ್ಯವೆಂಬವರಿಗೂ ಪ್ರಸಾದನಿಲಯಗಳೇ ಜೀವಂತವಾದ ಉತ್ತರಗಳಾಗಿವೆ.

ಆದರೆ, ಪೂಜ್ಯರೇ, ಈ ಸಂತೋಷದ ದಿವಸದಲ್ಲಿ ಒಂದು ಕಠಿಣವಾದ ಮಾತನ್ನೂ ವಿಜ್ಞಾಪಿಸಿಕೊಳ್ಳಬೇಕಾಗಿದೆ. ಮಗುವು ಪ್ರಸಾದನಿಲಯಕ್ಕೆ ಬರುವದು ಹತ್ತನೆಯ ವಯಸ್ಸಿಗೆ. ಮೈಸೂರಿನ ಅಂಕೆಗಳೂ ಜಮೇಕಾದ ಅಂಕೆಗಳೂ ಹೇಳುವದೇನೆಂದರೆ, ಆ ಮಗುವಿನ ಮೈ ಮನಸ್ಸುಗಳ ಅಡಿಗಲ್ಲು ಅದರ ಎರಡನೆಯ ವರ್ಷ ತುಂಬುವದರೊಳಗಾಗಿ ಬಹುಮಟ್ಟಿಗೆ ಹಾಕಲ್ಪಟ್ಟಿರುವದು. ನಮ್ಮ ದಾಸೋಹವು ಎಂಟು ವರ್ಷ ತಡವಾಗಿ ಆರಂಭವಾಗುತ್ತಲಿದೆ. ಮೇಲಾಗಿ, ಬಹುಕಾಲದ ವರೆಗೆ ಪ್ರಸಾದನಿಲಯವೆಂದರೆ ಗಂಡುಹುಡುಗರ ನಿಲಯವೆಂದೇ ಅರ್ಥವಾಗಿತ್ತು. ಯಾರ ತಟ್ಟೆಯಿಂದ ಮುಂದಿನ ತಲೆಮಾರಿನ ಮೈ ಕಟ್ಟಲ್ಪಡುವದೋ ಆ ಹೆಣ್ಣುಮಗುವೇ ಪಂಕ್ತಿಯ ಹೊರಗುಳಿಯಿತು.

ಶಾಲೆಯ ಊಟದ ಪುಣ್ಯವು ಎಷ್ಟು ದೂರ ಹರಿಯುವದೆಂಬದಕ್ಕೆ ಈಚೆಗೆ ಪ್ರಮಾಣವು ದೊರೆತಿದೆ. ೨೦೦೧ರ ನವೆಂಬರ ೨೮ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಅನ್ನವನ್ನೇ ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ ಆ ಕಾರ್ಯವು ೨೦೦೨ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 'ಅಕ್ಷರ ದಾಸೋಹ'ವೆಂಬ ಹೆಸರನ್ನು ಪಡೆಯಿತು. ಸರಕಾರದ ಯೋಜನೆಗೆ ಶರಣರ ಶಬ್ದವು ಹೆಸರಾಗಿ ನಿಂತುದು ನಮಗೆ ಅಭಿಮಾನದ ಸಂಗತಿಯಲ್ಲವೇ? ಭಾರತದ ಶಾಲೆಯ ಊಟವನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯು, ಬಾಲ್ಯದಲ್ಲಿ ಶಾಲೆಯಲ್ಲಿ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರವು ಹೆಚ್ಚಾಗಿದ್ದಿತೆಂದು ತೋರಿಸಿದೆ. ಹುಡುಗಿಗೆ ಹಾಕಿದ ತುತ್ತು ಅವಳಲ್ಲಿಯೇ ಜೀರ್ಣವಾಗಿ ಹೋಗುವದಿಲ್ಲ. ಇನ್ನೂ ಹುಟ್ಟದ ಕೂಸಿನ ಎಲುಬಿನವರೆಗೆ ಅದು ಮುಟ್ಟುವದು.

ಆದುದರಿಂದ ಈ ಮಹೋತ್ಸವದ ಸ್ಮಾರಕವಾಗಿ ಏನು ಮಾಡಬೇಕೆಂಬ ಆಲೋಚನೆ ನಡೆದಿರುವಾಗ, ಭಕ್ತಮಂಡಲಿಯ ಮುಂದೆ ನಾಲ್ಕು ಬಿನ್ನಹಗಳನ್ನು ಇಡುತ್ತೇನೆ.

ಮೊದಲನೆಯದು, ಬಸುರಿ ಬಾಣಂತಿಯರ ದಾಸೋಹ. ೧೯೭೫ರ ಅಕ್ಟೋಬರ ೨ರಂದು ದೇಶದ ೩೩ ಸ್ಥಳಗಳಲ್ಲಿ ಅಂಗನವಾಡಿಗಳ ಯೋಜನೆಯು ಮೊದಲಾದಾಗ, ಅವುಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿದ್ದಿತು. ಆ ಅಂಗನವಾಡಿಗಳೊಡನೆ ಸ್ಪರ್ಧೆ ಬೇಡ. ಅವು ಎಲ್ಲಿ ಸೋಲುವವೋ ಅಲ್ಲಿ ಮಠದ ಕೈ ಕೂಡಲಿ. ಕೂಲಿಗೆ ಹೋಗುವ ತಾಯಿಯ ಕೂಸನ್ನು ನೋಡಿಕೊಳ್ಳುವವರೂ, ಗುಳೆ ಹೋಗುವ ಮನೆಯ ಮಕ್ಕಳನ್ನು ಆ ಆರು ತಿಂಗಳು ಇಟ್ಟುಕೊಳ್ಳುವ ನೆಲೆಯೂ ಮೊದಲು ಬೇಕಾದವುಗಳು.

ಎರಡನೆಯದು, ಹೆಣ್ಣುಮಕ್ಕಳ ಪ್ರಸಾದನಿಲಯ. ಗಂಡುಮಕ್ಕಳಿಗೆ ಎಷ್ಟು ಹಾಸಿಗೆಗಳೋ ಹೆಣ್ಣುಮಕ್ಕಳಿಗೂ ಅಷ್ಟೇ ಆಗುವವರೆಗೆ ಹೊಸ ಗೋಪುರದ ಮಾತನ್ನು ನಾವು ಎತ್ತದಿರೋಣ.

ಮೂರನೆಯದು, ಲಗ್ನದ ನಿಯಮ. ಅದೇ ಆರೋಗ್ಯ ಸಮೀಕ್ಷೆಯ ಕಾಲದಲ್ಲಿ ನಮ್ಮ ರಾಜ್ಯದ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೨೧.೩ ಜನರಿಗೆ ಹದಿನೆಂಟು ತುಂಬುವ ಮೊದಲೇ ಲಗ್ನವಾಗಿತ್ತು. ವಯಸ್ಸು ತುಂಬದ ಕನ್ಯೆಯ ಲಗ್ನಕ್ಕೂ ವರದಕ್ಷಿಣೆಯ ಲಗ್ನಕ್ಕೂ ಶ್ರೀಮಠದ ಆಶೀರ್ವಾದವು ದೊರೆಯಲಾರದೆಂದು ಸ್ಪಷ್ಟವಾಗಿ ಸಾರಲಿ. ಸಾಲವಿಲ್ಲದೆ ಆಗುವ ಸಾಮೂಹಿಕ ವಿವಾಹಕ್ಕೆ ಬಡವರು ಮಾತ್ರವಲ್ಲದೆ ಅನುಕೂಲಸ್ಥರೂ ತಮ್ಮ ಮಕ್ಕಳನ್ನು ಕರೆತರಲಿ. ಸಿರಿವಂತನ ಆಡಂಬರವೇ ಬಡವನ ಸಾಲಕ್ಕೆ ಮೇಲ್ಪಂಕ್ತಿಯಾಗುವದಲ್ಲವೇ?

ನಾಲ್ಕನೆಯದು, ರೋಗನಿಧಿ. ಜಡ್ಡಿನ ಹೊತ್ತಿನಲ್ಲಿ ಹೊಲವನ್ನು ಒತ್ತೆಯಿಡದಂತೆ, ಬಡ್ಡಿಯಿಲ್ಲದೆ ಹಣವನ್ನು ಕೊಟ್ಟು ಸುಗ್ಗಿಯ ಮೇಲೆ ತಿರುಗಿ ಪಡೆಯುವ ಒಂದು ಸಣ್ಣ ನಿಧಿಯು ಎಷ್ಟೋ ಮನೆಗಳನ್ನು ಉಳಿಸಬಲ್ಲುದು.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಮನೆತನದ ಸ್ಥಿತಿಯು ಮನುಷ್ಯನನ್ನು ರೂಪಿಸುವದೆಂಬ ಈ ತಿಳಿವಳಿಕೆಯೇ ಹೊಸದೊಂದು ಹಣೆಬರಹವಾಗಬಾರದು. ನೂರಕ್ಕೆ ಇಷ್ಟೆಂಬ ಅಂಕೆಯು ಸಮೂಹದ ಮಾತು. ಎದುರಿಗೆ ನಿಂತ ಮಗುವಿನ ಭವಿಷ್ಯವಲ್ಲ. ಕೂಲಿಯವನ ಮಗನನ್ನು ಕಂಡು "ಇವನಿಂದಾಗುವದು ಇಷ್ಟೇ" ಎಂದು ನುಡಿಯುವ ಶಿಕ್ಷಕನು ಈ ವಿದ್ಯೆಯನ್ನು ತಲೆಕೆಳಗಾಗಿ ಕಲಿತಂತೆ. ಹೊರೆಯು ಇಷ್ಟಿರುವದೆಂದು ತಿಳಿದವನು ಅದಕ್ಕೆ ಹೆಗಲು ಕೊಡಬೇಕೇ ಹೊರತು, ಹೊತ್ತವನನ್ನು ಜರೆಯಬಾರದು. ದಾಸೋಹವು ಭಿಕ್ಷೆಯಲ್ಲವೆಂದು ನಮ್ಮ ಹಿರಿಯರು ತಿಳಿದಿದ್ದರು; ಕೊಡುವವನೇ ದಾಸನು, ಉಣ್ಣುವವನು ಅತಿಥಿ. ಆ ವಿನಯವನ್ನು ಉಳಿಸಿಕೊಂಡು ದಾಸೋಹದ ಪಂಕ್ತಿಯನ್ನು ಹಿಂದಕ್ಕೆ, ತಾಯಿಯ ಬಸಿರಿನವರೆಗೆ ಬೆಳೆಸೋಣ. ಮುಂದಿನ ಮಹೋತ್ಸವದ ಹೊತ್ತಿಗೆ ಪ್ರಸಾದನಿಲಯದ ಬಾಗಿಲಿಗೆ ಬರುವ ಮಕ್ಕಳ ಆ ಕಾಣದ ಗಂಟು ಒಂದಿಷ್ಟಾದರೂ ಹಗುರವಾಗಿದ್ದರೆ, ಈ ವರ್ಷದ ನಮ್ಮ ಸಂಭ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.